ಮೂರನೇ ತಿಂಗಳ ಚೀಟಿ ತಪ್ಪದಿರಲಿ: ಮನಸ್ಸಿನ ಕಾಯಿಲೆಗೆ ತಾಲ್ಲೂಕು ದವಾಖಾನೆಯಲ್ಲೇ ಚಿಕಿತ್ಸೆ ಪಡೆಯುವ ಬಗೆ

ಆಳಂದ, ಸುರಪುರ, ಔರಾದ್ ಕಡೆಯ ಹಳ್ಳಿಗಳಲ್ಲಿ ಮನೆಯ ಒಬ್ಬರ ಮನಸ್ಸು ಕದಡಿತೆಂದರೆ ‘ಧಾರವಾಡಕ್ಕೆ ಒಯ್ಯಿರಿ, ಇಲ್ಲಾ ಬೆಂಗಳೂರಿಗೆ ಒಯ್ಯಿರಿ’ ಎನ್ನುವವರೇ ಹೆಚ್ಚು. ಸಾಲ ಮಾಡಿ, ರಾತ್ರಿಯಿಡೀ ಪ್ರಯಾಣ ಮಾಡಿ, ಒಂದು ತಿಂಗಳ ಗುಳಿಗೆ ತರುತ್ತಾರೆ. ಗುಳಿಗೆ ಮುಗಿಯುವಷ್ಟರಲ್ಲಿ ರೋಗಿ ಕೊಂಚ ಚೇತರಿಸಿಕೊಂಡಿರುತ್ತಾರೆ, ಕೈಯಲ್ಲಿ ದುಡ್ಡು ಇರುವುದಿಲ್ಲ. ಚಿಕಿತ್ಸೆ ಅಲ್ಲಿಗೆ ನಿಲ್ಲುತ್ತದೆ, ಕೆಲವು ತಿಂಗಳಲ್ಲಿ ಕಾಯಿಲೆ ಮರಳುತ್ತದೆ.

ಬಹುಪಾಲು ರೋಗಿಗಳಿಗೆ ಇಷ್ಟು ದೂರದ ಓಡಾಟ ಬೇಕಿಲ್ಲ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗಳನ್ನು ಅಲ್ಲಲ್ಲೇ ನೋಡಬಹುದು ಎಂದು ತೋರಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ದಾದಿಯರು ಇರುವ ಅದರ ತಂಡ ಈಗ ಜಿಲ್ಲಾ ಮಟ್ಟದಲ್ಲಿದೆ. ಕರ್ನಾಟಕದ ‘ಮನೋಚೈತನ್ಯ’ ಯೋಜನೆಯಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ, ಸಾಮಾನ್ಯವಾಗಿ ಮಂಗಳವಾರ. ನಿಮ್ಮ ತಾಲ್ಲೂಕಿಗೆ ತಿಂಗಳ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿಕೊಂಡೇ ಹೊರಡಿ. ಬಸ್ ಹತ್ತಿದ ಮೇಲೆ ಕೇಳಿದರೆ ಒಂದು ದಿನದ ಕೂಲಿ ಹೋಗುತ್ತದೆ.

ಮೊದಲು, ಕಾಯಿಲೆ ಎಂದು ಗುರುತಿಸುವುದು

ನಮ್ಮ ಭಾಗದಲ್ಲಿ ‘ಮನಸ್ಸಿಗೆ ಬೇಸರ’ ಎಂದು ಹೇಳಿಕೊಂಡು ಬರುವವರು ಕಡಿಮೆ. ‘ಎದಿ ದಡದಡ ಅಂತದ’, ‘ನಿದ್ದಿ ಬರವಲ್ದು’, ‘ಕೈಕಾಲಾಗ ಜೀವ ಇಲ್ಲ’ ಎಂದೇ ಬರುತ್ತಾರೆ. ಎರಡು ವಾರ ದಿನದ ಹೆಚ್ಚು ಹೊತ್ತು ದುಃಖ, ಅಥವಾ ಮೊದಲು ಇಷ್ಟವಿದ್ದ ಯಾವುದರಲ್ಲೂ ಮನಸ್ಸಿಲ್ಲದಿರುವುದು, ಜೊತೆಗೆ ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ಖಿನ್ನತೆಯ ಅನುಮಾನ ಪಡಬೇಕು. ಯಾರಿಗೂ ಕೇಳದ ಮಾತು ಕೇಳುವುದು, ಮನೆಯವರೇ ವಿಷ ಹಾಕುತ್ತಾರೆಂಬ ಸಂಶಯ, ನಿದ್ದೆಯಿಲ್ಲದಿದ್ದರೂ ದಣಿವಾಗದೆ ಮಾತು, ಖರ್ಚು ಮಿತಿಮೀರುವುದು ಕಂಡರೆ ಎರಡು ವಾರ ಕಾಯಬಾರದು.

ಎರಡು ಸಂದರ್ಭಗಳಲ್ಲಿ ಮಂಗಳವಾರದವರೆಗೂ ಕಾಯಬಾರದು. ಜ್ವರ ಬಂದು ಅಥವಾ ತಲೆಗೆ ಪೆಟ್ಟು ಬಿದ್ದು, ಒಂದೆರಡು ದಿನದಲ್ಲಿ ದಿಕ್ಕು, ಹೊತ್ತು ತಿಳಿಯದಂತಾದರೆ ಅದು ದೇಹದ ತುರ್ತು. ಹೆರಿಗೆಯಾದ ಮೊದಲ ವಾರಗಳಲ್ಲಿ ಬಾಣಂತಿಗೆ ನಿದ್ದೆಯೇ ಹತ್ತದೆ, ಮಾತು ಅಸಂಬದ್ಧವಾಗಿ, ಕೂಸಿನ ಬಗ್ಗೆ ವಿಚಿತ್ರ ಭಯ ಹುಟ್ಟಿದರೆ ಅದೂ ತುರ್ತೇ. ತವರಿನಲ್ಲಿ ‘ಗಾಳಿ ಸೋಕಿದೆ’ ಎಂದು ನಾಲ್ಕು ದಿನ ಕಳೆಯುವುದು ಇಲ್ಲಿಯೇ. ತಾಯಿ ಮಗು ಇಬ್ಬರನ್ನೇ ಬಿಡಬೇಡಿ, 108 ಕರೆದು ಅದೇ ದಿನ ಜಿಲ್ಲಾ ಕೇಂದ್ರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ಯಿರಿ: ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್.

ಗುಡಿ, ದರ್ಗಾ, ಗಾಣಗಾಪುರಕ್ಕೆ ಹೋಗಬೇಕೆಂದು ಹಿರಿಯರು ಅಂದರೆ ಅದನ್ನು ಜಗಳ ಮಾಡಿಕೊಳ್ಳಬೇಡಿ. ಹೋಗಿ ಬನ್ನಿ, ಗುಳಿಗೆಯ ಪೊಟ್ಟಣ ಜೊತೆಗಿರಲಿ. ಉಪವಾಸ ಕೆಡವುವುದು, ಹೊಡೆಯುವುದು, ಸರಪಳಿ ಹಾಕುವುದು ಮಾತ್ರ ಎಲ್ಲಿಯೂ ಒಪ್ಪತಕ್ಕದ್ದಲ್ಲ. ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಕಟ್ಟಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 95ನೇ ಕಲಮಿನಲ್ಲಿ ಹೇಳಿದೆ.

ಮೊದಲ ಭೇಟಿಗೆ ಅರ್ಧ ಪುಟ

ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಎಲ್ಲ ಗುಳಿಗೆ (ಬಿ.ಪಿ., ಸಕ್ಕರೆ, ನಾಟಿ ಔಷಧಿಯದ್ದೂ) ಒಂದು ಚೀಲದಲ್ಲಿ ಹಾಕಿ. ಅದಕ್ಕಿಂತ ಮುಖ್ಯ, ಹಿಂದಿನ ರಾತ್ರಿ ಅರ್ಧ ಪುಟ ಬರೆದಿಡಿ. ಯಾವಾಗಿನಿಂದ, ದಿನಕ್ಕೆ ಎಷ್ಟು ತಾಸು ನಿದ್ದೆ, ಯಾವ ಕೆಲಸ ಬಿಟ್ಟಿದ್ದಾರೆ, ಫಿಟ್ಸ್ ಬಂದಿತ್ತೇ, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ, ಕುಡಿತವೆಷ್ಟು. ಸರದಿ ಉದ್ದವಿರುವ ದಿನ ವೈದ್ಯರಿಗೆ ಸಿಗುವ ಹೊತ್ತು ಕೆಲವೇ ನಿಮಿಷ, ಆಗ ಈ ಅರ್ಧ ಪುಟವೇ ಹೆಚ್ಚು ಮಾತಾಡುತ್ತದೆ.

ಕುಡಿತದ ಮಾತನ್ನು ಮುಚ್ಚಿಡಬಾರದು. ನಿತ್ಯ ಹೆಚ್ಚು ಕುಡಿಯುವವರು ಒಮ್ಮೆಲೇ ಬಿಟ್ಟರೆ ಎರಡರಿಂದ ನಾಲ್ಕು ದಿನದೊಳಗೆ ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ತೆಲಂಗಾಣ ಗಡಿ ಭಾಗದಲ್ಲಿ ಸಿಗುವ ಪೌಡರ್ ಬೆರೆಸಿದ ಸೇಂದಿಯದ್ದೂ ಇದೇ ಕಥೆ, ಅದರಲ್ಲಿ ಮಂಪರಿನ ರಾಸಾಯನಿಕ ಇರುತ್ತದೆ. ಬಿಡಿಸುವುದು ದವಾಖಾನೆಯಲ್ಲೇ ಆಗಬೇಕು.

ರೋಗಿಗೆ ಸುಳ್ಳು ಹೇಳಿ ಕರೆತರಬೇಡಿ. ‘ಮದುವಿಗಿ ಹೋಗೋಣ’ ಎಂದು ತಂದವರನ್ನು ಆ ರೋಗಿ ಮುಂದೆ ನಂಬುವುದಿಲ್ಲ, ಅವರ ಕೈಯಿಂದ ಗುಳಿಗೆಯನ್ನೂ ತೆಗೆದುಕೊಳ್ಳುವುದಿಲ್ಲ. ‘ಅಣ್ಣಾ, ನಿನಗ ನಿದ್ದಿ ಇಲ್ಲ, ಅದಕ್ಕ ತೋರಿಸೋಣ’ ಎಂದರೆ ನಿಜವೂ ಹೌದು, ಒಪ್ಪುವವರೂ ಹೆಚ್ಚು. ವೈದ್ಯರ ಮುಂದೆ ರೋಗಿಗೆ ಒಬ್ಬರೇ ಮಾತಾಡಲು ಹೊತ್ತು ಕೊಡಿಸಿ. ದಖನಿ ಉರ್ದು, ಲಂಬಾಣಿ, ಮರಾಠಿ ಮಾತ್ರ ಬಲ್ಲವರ ಜೊತೆ ಹೇಳಿಕೊಡಲು ದೊಡ್ಡವರು ಬರಲಿ. ತಾಯಿಯ ನೋವನ್ನು ಹತ್ತು ವರ್ಷದ ಮಗನ ಬಾಯಲ್ಲಿ ಹೇಳಿಸಬಾರದು.

ರಕ್ತ ಪರೀಕ್ಷೆ ಬರೆದರೆ ಮಾಡಿಸಿ. ರಕ್ತಹೀನತೆ, ಥೈರಾಯ್ಡ್ ಕೊರತೆ ಎರಡೂ ಖಿನ್ನತೆಯ ಹಾಗೆಯೇ ಕಾಣುತ್ತವೆ.

ಗುಳಿಗೆ ಶುರುವಾದ ಮೇಲೆ

ಖಿನ್ನತೆಯ ಗುಳಿಗೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು, ಅಡ್ಡ ಪರಿಣಾಮ ಮಾತ್ರ ಮೊದಲ ದಿನದಿಂದಲೇ ಬರುತ್ತದೆ. ಹೊಟ್ಟೆ ತೊಳಸುವುದು, ತಲೆನೋವು, ಸಣ್ಣ ತಳಮಳ. ಇದನ್ನು ಮೊದಲೇ ಹೇಳಿದವರು ಯಾರೂ ಇಲ್ಲದ್ದರಿಂದ ಐದನೇ ದಿನಕ್ಕೆ ‘ಗುಳಿಗಿ ಆಗಿಬರಲಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಇವು ಹೆಚ್ಚಾಗಿ ಒಂದೆರಡು ವಾರದಲ್ಲಿ ಇಳಿಯುತ್ತವೆ, ಊಟವಾದ ಮೇಲೆ ನುಂಗಿದರೆ ಹೊಟ್ಟೆಯ ತೊಂದರೆ ಕಡಿಮೆ. ಹರೆಯದವರಲ್ಲಿ ಮೊದಲ ವಾರಗಳಲ್ಲಿ ಚಡಪಡಿಕೆ ಏರಿದರೆ ಮಾತ್ರ ಮುಂದಿನ ತಾರೀಕಿಗೆ ಕಾಯದೆ ತೋರಿಸಿ.

ಭ್ರಮೆ, ಸಂಶಯಕ್ಕೆ ಕೊಡುವ ಗುಳಿಗೆಯಿಂದ ಕುತ್ತಿಗೆ ತಿರುಚಿಕೊಂಡರೆ, ಕಣ್ಣು ಮೇಲೆ ಸಿಕ್ಕಿಕೊಂಡರೆ, ನಾಲಿಗೆ ಬಿಗಿದರೆ ದೆವ್ವ ಮರಳಿತೆಂದು ಹೆದರಬೇಡಿ. ಅದು ಗುಳಿಗೆಯ ಪರಿಣಾಮ. ಅದೇ ದಿನ ಹತ್ತಿರದ ದವಾಖಾನೆಗೆ ಹೋದರೆ ಒಂದು ಇಂಜೆಕ್ಷನ್‌ನಲ್ಲಿ ಬಹುಬೇಗ ಸಡಿಲಾಗುತ್ತದೆ.

ಮನಸ್ಸು ವಿಪರೀತ ಏರಿಳಿಯುವ ಕಾಯಿಲೆಗೆ (ಬೈಪೋಲಾರ್) ಕೊಡುವ ಲಿಥಿಯಂ ನುಂಗುವವರಿಗೆ ನಮ್ಮ ಬಿಸಿಲೇ ದೊಡ್ಡ ಪರೀಕ್ಷೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಮೈಯ ನೀರು, ಉಪ್ಪು ಬೆವರಾಗಿ ಹೋಗಿ ರಕ್ತದಲ್ಲಿ ಲಿಥಿಯಂ ಏರುತ್ತದೆ. ವಾಂತಿ, ಭೇದಿ, ಕೈ ಜೋರಾಗಿ ನಡುಗುವುದು, ಮಾತು ತೊದಲುವುದು, ಹೆಜ್ಜೆ ತಪ್ಪುವುದು ಕಂಡರೆ ಮುಂದಿನ ಗುಳಿಗೆ ಕೊಡದೆ ದವಾಖಾನೆಗೆ ಹೊರಡಿ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗಿದರೂ ಲಿಥಿಯಂ ಏರುತ್ತದೆ. ರಂಜಾನ್ ಉಪವಾಸ ಹಿಡಿಯುವವರು ಒಂದು ತಿಂಗಳು ಮೊದಲೇ ವೈದ್ಯರಿಗೆ ತಿಳಿಸಲಿ. ರಕ್ತದ ಪರೀಕ್ಷೆ ರಾತ್ರಿ ಗುಳಿಗೆಯಾದ 12 ತಾಸಿಗೆ ಆಗಬೇಕು, ಅಂದು ಬೆಳಗಿನ ಗುಳಿಗೆ ರಕ್ತ ಕೊಟ್ಟ ಮೇಲೆ. ಮೊದಲೇ ನುಂಗಿ ಹೋದರೆ ವರದಿಯಲ್ಲಿ ತಪ್ಪು ಅಂಕಿ ಬರುತ್ತದೆ.

ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ವಾಲ್‌ಪ್ರೊಯೇಟ್ (ಇದೇ ಏರಿಳಿತಕ್ಕೂ ಫಿಟ್ಸ್‌ಗೂ ಕೊಡುವ ಗುಳಿಗೆ) ಬರೆದಿದ್ದರೆ, ಬೇರೆ ಗುಳಿಗೆ ಇದೆಯೇ ಎಂದು ಕೇಳಲೇಬೇಕು. ಗರ್ಭದ ಕೂಸಿಗೆ ಅದರಿಂದ ಹಾನಿ ಇದೆ. ಆದರೆ ಕೇಳದೆ ತಾವಾಗಿ ನಿಲ್ಲಿಸಬಾರದು.

ಜೀವ ಬೇಡವೆನ್ನುವವರ ಮನೆಯಲ್ಲಿ

ನೇರವಾಗಿ ಕೇಳಿ: ‘ಯಕ್ಕಾ, ಸಾಯಬೇಕು ಅನಸ್ತದೇನು?’ ಕೇಳಿದರೆ ಆ ವಿಚಾರ ತಲೆಗೆ ಹೊಕ್ಕೀತು ಎಂಬ ಭಯ ಬೇಡ. ಹಾಗಾಗುವುದಿಲ್ಲ, ಎಷ್ಟೋ ಮಂದಿ ಯಾರಾದರೂ ಕೇಳಲಿ ಎಂದೇ ಕಾದಿರುತ್ತಾರೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ತೊಗರಿ, ಹತ್ತಿಗೆ ಹೊಡೆಯುವ ಔಷಧಿಯನ್ನು ಅದೇ ದಿನ ಮನೆಯಿಂದ ಹೊರಗೆ ಸಾಗಿಸಿ, ಬೀಗ ಹಾಕಿ ಕೀಲಿಯನ್ನು ಬೇರೆ ಮನೆಯವರಿಗೆ ಕೊಡಿ. ಗುಳಿಗೆ ಡಬ್ಬಿಯೂ ಮನೆಯವರ ಕೈಯಲ್ಲಿರಲಿ. ಆ ಗಳಿಗೆಯ ತೀವ್ರತೆ ಬಹಳ ಸಲ ತುಸು ಹೊತ್ತಿನದು, ಕೈಗೆ ಸಿಗದಂತೆ ಮಾಡಿದ್ದೇ ಜೀವ ಉಳಿಸುತ್ತದೆ.

14416 ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಹಗಲು ರಾತ್ರಿ ಉಚಿತ. ಕನ್ನಡವಲ್ಲದೆ ಬೇರೆ ಭಾಷೆಯನ್ನೂ ಆರಿಸಿಕೊಳ್ಳಬಹುದು. ಯಾರಾದರೂ ಪ್ರಯತ್ನ ಮಾಡಿಬಿಟ್ಟಿದ್ದರೆ ಪೊಲೀಸ್ ಕೇಸಿಗೆ ಹೆದರಿ ತಡ ಮಾಡಬೇಡಿ. ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಹೇಳುತ್ತದೆ.

ಮಕ್ಕಳದ್ದು ಬೇರೆ ದಾರಿ

ಒಂದು ವರ್ಷದ ಕೂಸು ಹೆಸರು ಕರೆದರೆ ತಿರುಗದಿದ್ದರೆ, 16 ತಿಂಗಳಿಗೆ ಒಂದು ಮಾತೂ ಬಾರದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಕೂಡಿಸದಿದ್ದರೆ ‘ಅವರಪ್ಪನೂ ತಡಾ ಮಾತಾಡಿದ್ದ’ ಎಂದು ಕಾಯಬೇಡಿ. ಅಂಗನವಾಡಿಗೆ, ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡಕ್ಕೆ ತೋರಿಸಿದರೆ ಅವರು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳುಹಿಸುತ್ತಾರೆ. ಮೊದಲು ಕಿವಿಯ ಪರೀಕ್ಷೆ ಆಗಲಿ.

ಶಾಲೆಯ ಮಗುವಿನ ಹಠ, ಭಯ, ಹೊಡೆದಾಟಕ್ಕೆ ಗುಳಿಗೆ ಮೊದಲ ಉತ್ತರ ಅಲ್ಲ. ಒಂದು ವಹಿಯಲ್ಲಿ ಮೂರು ಸಾಲು ಗೀಟಿ ಎರಡು ವಾರ ಬರೆಯಿರಿ: ಅದಕ್ಕೂ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಮನೆಯವರು ಏನು ಮಾಡಿದರು. ಮೂರನೇ ಸಾಲಿನಲ್ಲೇ ಗುಟ್ಟು ಸಿಗುವುದು ಹೆಚ್ಚು. ಅತ್ತಾಗಲೆಲ್ಲ ಮೊಬೈಲ್ ಕೊಟ್ಟಿರುತ್ತಾರೆ, ಸುಮ್ಮನೆ ಆಡುವಾಗ ಯಾರೂ ಮಾತಾಡಿಸಿರುವುದಿಲ್ಲ. ಅಪ್ಪ ಅವ್ವ ಪುಣೆ, ಮುಂಬೈಗೆ ದುಡಿಯಲು ಹೋಗಿ ಅಜ್ಜಿಯ ಹತ್ತಿರ ಬಿಟ್ಟ ಮಕ್ಕಳಲ್ಲಿ ರಾತ್ರಿ ಮತ್ತೆ ಹಾಸಿಗೆ ಒದ್ದೆಯಾಗುವುದು, ಹೊಟ್ಟೆನೋವೆಂದು ಶಾಲೆ ತಪ್ಪಿಸುವುದು ಸಾಮಾನ್ಯ. ಇದಕ್ಕೆ ಬೈಗುಳ ಕೆಲಸ ಮಾಡುವುದಿಲ್ಲ. ದಿನಾ ಒಂದೇ ಹೊತ್ತಿಗೆ ಅವ್ವನ ಫೋನು, ಬರುವ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು, ಶಿಕ್ಷಕರಿಗೆ ಮನೆಯ ಸ್ಥಿತಿ ಗೊತ್ತಿರುವುದು, ಇವು ಕೆಲಸ ಮಾಡುತ್ತವೆ. ಮಗುವಿನ ಮೇಲೆ ಯಾರಾದರೂ ಕೈ ಮಾಡುತ್ತಿರುವ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಮೂರನೇ ತಿಂಗಳು

ಚಿಕಿತ್ಸೆ ಬಿಟ್ಟುಹೋಗುವುದು ಇಲ್ಲಿಯೇ. ರೋಗಿ ಹೊಲಕ್ಕೆ ಹೋಗತೊಡಗಿರುತ್ತಾರೆ, ತೊಗರಿ ರಾಶಿ ಬಂದಿರುತ್ತದೆ, ‘ಆರಾಮಾಗ್ಯಾನ, ಇನ್ಯಾಕ ಗುಳಿಗಿ’ ಎಂದು ನೆರೆಯವರೂ ಅನ್ನುತ್ತಾರೆ. ಖಿನ್ನತೆಯಲ್ಲಿ ಪೂರ್ತಿ ಆರಾಮಾದ ಮೇಲೂ ಕನಿಷ್ಠ ಆರು ತಿಂಗಳು, ಮೊದಲ ಸಲ ಭ್ರಮೆಯ ಕಾಯಿಲೆ ಬಂದವರಲ್ಲಿ ಒಂದರಿಂದ ಎರಡು ವರ್ಷ ಗುಳಿಗೆ ಬೇಕು. ನಿಲ್ಲಿಸುವ ದಿನ ಬಂದಾಗಲೂ ವೈದ್ಯರೇ ಹಂತಹಂತವಾಗಿ ಇಳಿಸಬೇಕು. ನುಂಗುವುದನ್ನು ಮರೆಯುವವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ಕೇಳಿ.

ಲೆಕ್ಕ ಹೀಗಿಡಿ. ರಾತ್ರಿ ಎರಡು ಗುಳಿಗೆಯಾದರೆ 28 ದಿನಕ್ಕೆ 56. ಡಬ್ಬಿಯಲ್ಲಿ 14 ಉಳಿದಾಗ, ಅಂದರೆ ಇನ್ನೊಂದು ವಾರ ಇರುವಾಗಲೇ ಮುಂದಿನದನ್ನು ತನ್ನಿ. ಔಷಧಿ ದಾಸ್ತಾನು ಇಲ್ಲದ ವಾರ, ವೈದ್ಯರು ರಜೆ ಹಾಕಿದ ಮಂಗಳವಾರ ಬಂದೇ ಬರುತ್ತದೆ, ಆ ಏಳು ದಿನ ಆಗ ಕಾಯುತ್ತದೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಹೈದರಾಬಾದಿಗೆ ಹೊರಡುವವರು ಹೋಗುವ ಮುನ್ನ ಕಾಯಿಲೆ, ಗುಳಿಗೆಯ ಮೂಲ ಔಷಧಿ ಹೆಸರು (ಕಂಪನಿ ಹೆಸರಲ್ಲ), ಎಷ್ಟು ಮಿಲಿಗ್ರಾಂ ಎಂದು ಬರೆಸಿಕೊಂಡು, ಮೊಬೈಲಿನಲ್ಲಿ ಫೋಟೊ ಇಟ್ಟುಕೊಳ್ಳಲಿ. ಅಲ್ಲಿಯ ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಇಷ್ಟು ತೋರಿಸಿದರೆ ಮೊದಲಿನಿಂದ ಕಥೆ ಹೇಳಬೇಕಿಲ್ಲ.

ವರ್ಷಗಟ್ಟಲೆ ಕಾಯಿಲೆ ಇದ್ದು ದುಡಿಯಲಾಗದವರು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು, ಅಂಗವಿಕಲರ ಬಹುಪಾಲು ಸೌಲಭ್ಯಕ್ಕೆ ಅಂಗವಿಕಲತೆ ಶೇ 40 ಮತ್ತು ಮೇಲಿರಬೇಕು. ಅಳೆಯುವುದು ನಾಲ್ಕು ವಿಷಯ: ತನ್ನ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ. ಕಾಯಿಲೆ ಎಷ್ಟು ವರ್ಷದ್ದು ಎಂಬುದೂ ಸೇರುತ್ತದೆ, ಆದ್ದರಿಂದ ಹಳೆಯ ಚೀಟಿ ಒಂದನ್ನೂ ಬಿಸಾಡಬೇಡಿ. ತಪಾಸಣೆಯ ದಿನ ಸಂಕೋಚದಿಂದ ‘ಎಲ್ಲಾ ಮಾಡ್ತಾನ್ರಿ’ ಎಂದ ಮನೆಯವರಿಂದಲೇ ಎಷ್ಟೋ ಅರ್ಜಿ ಬಿದ್ದುಹೋಗುತ್ತವೆ. ಸ್ನಾನಕ್ಕೆ ಎಷ್ಟು ಸಲ ಹೇಳಬೇಕು, ಎಷ್ಟು ದಿನ ಕೆಲಸಕ್ಕೆ ಹೋಗಿಲ್ಲ ಎಂದು ಇದ್ದದ್ದನ್ನೇ ಹೇಳಿ. ಅರ್ಜಿ ತುಂಬಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ.

ಇನ್ನೊಂದು ಕೆಲಸ ಸರದಿಯಲ್ಲಿ ನಿಂತಲ್ಲೇ ಆಗುತ್ತದೆ. ನಿಮ್ಮ ಊರ ಸುತ್ತಿನ ಮೂರು ನಾಲ್ಕು ಮನೆಯವರು ಅಲ್ಲಿಯೇ ಸಿಗುತ್ತಾರೆ. ನಂಬರು ಬರೆದುಕೊಳ್ಳಿ. ಸೋಮವಾರ ಸಂಜೆ ಸರದಿಯಂತೆ ಒಬ್ಬರು ದವಾಖಾನೆಗೆ ಫೋನು ಮಾಡಿ, ನಾಳೆ ವೈದ್ಯರು ಬರುತ್ತಾರೆಯೇ, ಔಷಧಿ ಇದೆಯೇ ಕೇಳಿ ಉಳಿದವರಿಗೂ ಹೇಳಲಿ.