ಹಳೆಯ ಸೈಕಲ್ಲು ಮಗುವಿನ ಕೈ ಸೇರುವ ಮುನ್ನ

ದಾನವಾಗಿ ಬಂದ ಸೈಕಲ್ಲುಗಳನ್ನು ರಿಪೇರಿ ಮಾಡಿ, ಕೊಳ್ಳಲಾಗದ ಮನೆಗಳ ಮಕ್ಕಳಿಗೆ ಕೊಡುವುದು ನಮ್ಮ ಕೆಲಸ. ಇದರಲ್ಲಿ ನಾವು ಬಿಡದೆ ಪಾಲಿಸುವ ನಿಯಮ ಒಂದೇ: ಕೊಟ್ಟ ಸೈಕಲ್ಲು ಆ ಮನೆಗೆ ಖರ್ಚು ತರಬಾರದು. ತಿಂಗಳೊಳಗೆ ಬ್ರೇಕ್ ಕೆಟ್ಟರೆ ಅಪ್ಪ ಅಮ್ಮ ಅದನ್ನು ಅಂಗಡಿಗೆ ಒಯ್ಯುತ್ತಾರೆ ಅನ್ನುವ ಭರವಸೆ ಇಟ್ಟುಕೊಳ್ಳುವ ಹಾಗಿಲ್ಲ. ಮಗು ಬ್ರೇಕಿಲ್ಲದೆಯೇ ಓಡಿಸುತ್ತದೆ. ಆದ್ದರಿಂದ ಬಣ್ಣ, ಸ್ಟಿಕ್ಕರ್ ಎಲ್ಲ ಕೊನೆಗೆ. ಬ್ರೇಕು, ಬೇರಿಂಗು, ಟೈರು ಮೊದಲು.

ಅರ್ಧ ಕೆಲಸ ಬಾಗಿಲಲ್ಲೇ ಮುಗಿಯುತ್ತದೆ. ಬಂದ ಸೈಕಲ್ಲಿಗೆ ಮೊದಲು ಒಂದು ಚೀಟಿ ಕಟ್ಟುತ್ತೇವೆ: ಬಂದ ದಿನ, ಕೊಟ್ಟವರ ಸಹಿ, ಫ್ರೇಮ್ ನಂಬರು. ಈ ನಂಬರು ಸಾಮಾನ್ಯವಾಗಿ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಅಚ್ಚು ಹಾದುಹೋಗುವ ಪೈಪಿನ ಅಡಿಯಲ್ಲಿ ಕೊರೆದಿರುತ್ತದೆ. ಅದನ್ನು ಉಜ್ಜಿ ಅಳಿಸಿದ್ದರೆ ಆ ಸೈಕಲ್ಲನ್ನು ತೆಗೆದುಕೊಳ್ಳುವುದಿಲ್ಲ. ಕಳವಿನ ಮಾಲು ಮಗುವಿನ ಹತ್ತಿರ ಸಿಕ್ಕಿಬಿದ್ದರೆ ತಲೆ ತಗ್ಗಿಸಬೇಕಾದದ್ದು ಏನೂ ಅರಿಯದ ಆ ಮನೆಯವರು.

ಆಮೇಲೆ ಫ್ರೇಮು. ಹ್ಯಾಂಡಲ್ ಕೂರುವ ಪೈಪಿನ ಹಿಂದೆ, ಮೇಲಿನ ಮತ್ತು ಕೆಳಗಿನ ಪೈಪುಗಳು ಬಂದು ಸೇರುವ ಜಾಗದಲ್ಲಿ ಬೆರಳಾಡಿಸಬೇಕು. ಅಲ್ಲಿ ಉಬ್ಬು ಅಥವಾ ಸುಕ್ಕು ಸಿಕ್ಕಿತೆಂದರೆ ಸೈಕಲ್ಲು ಎದುರಿಗೆ ಎಲ್ಲೋ ಜೋರಾಗಿ ಗುದ್ದಿದೆ. ಬಣ್ಣದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟು ಅದರೊಳಗಿಂದ ತುಕ್ಕು ಇಣುಕುತ್ತಿದ್ದರೆ ಕೆಳಗಿನ ಕಬ್ಬಿಣವೇ ಸೀಳಿರಬಹುದು ಎಂದು ಬಣ್ಣ ಕೆರೆದು ನೋಡುತ್ತೇವೆ. ಇಂಥ ಫ್ರೇಮನ್ನು, ಹಿಂದಕ್ಕೆ ಬಗ್ಗಿದ ಫೋರ್ಕನ್ನು (ಮುಂದಿನ ಚಕ್ರ ಹಿಡಿದಿರುವ ಕವಲು) ವೆಲ್ಡಿಂಗ್ ಮಾಡಿಸಿಯೋ ತಟ್ಟಿಸಿಯೋ ಕೊಡುವುದಿಲ್ಲ. ಬಿಡಿಭಾಗ ಬಿಚ್ಚಿಕೊಂಡು, ಫ್ರೇಮನ್ನು ಗರಗಸದಲ್ಲಿ ಕುಯ್ದೇ ಗುಜರಿಗೆ ಹಾಕುತ್ತೇವೆ. ಇಡಿಯಾಗಿ ಹಾಕಿದರೆ ಯಾರಾದರೂ ಎತ್ತಿಕೊಂಡು ಹೋಗಿ ಮತ್ತೆ ಓಡಿಸುತ್ತಾರೆ.

ಸೀಟಿನ ಕಂಬವನ್ನೂ ಬಾಗಿಲಲ್ಲೇ ಅಲ್ಲಾಡಿಸಿ ನೋಡಬೇಕು. ಮಗು ಬೆಳೆಯುತ್ತದೆ, ಸೀಟು ಏರಲೇಬೇಕು. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು ಮರುದಿನ ತಿರುಚುತ್ತೇವೆ. ಬರದಿದ್ದರೆ ಆ ಸೈಕಲ್ಲು ಬಿಡಿಭಾಗದ ಸಾಲಿಗೆ.

ಟೈರಿನ ವಿಷಯದಲ್ಲಿ ಇಂಚಿನ ಲೆಕ್ಕ ನಂಬಬೇಡಿ. 20 ಇಂಚು ಅನ್ನುವ ಹೆಸರಲ್ಲೇ 406 ಮಿಮೀ ಮತ್ತು 451 ಮಿಮೀ ರಿಮ್‌ಗಳಿವೆ. 26 ಇಂಚಿನಲ್ಲಿ 559 ಮತ್ತು 590 ಎರಡೂ ಸಿಗುತ್ತವೆ. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ 47-406 ಎಂಬಂಥ ಅಂಕಿ ಇರುತ್ತದೆ: ಮೊದಲನೆಯದು ಅಗಲ, ಎರಡನೆಯದು ರಿಮ್‌ನಲ್ಲಿ ಟೈರು ಕೂರುವ ವ್ಯಾಸ. ಚೀಟಿಯಲ್ಲಿ ಬರೆಯುವುದು ಈ ಎರಡನೆಯದನ್ನು. ವರ್ಷಗಟ್ಟಲೆ ಗಾಳಿಯಿಲ್ಲದೆ ನಿಂತ ಸೈಕಲ್ಲಿನ ಟೈರು ತುಳಿಯದೇ ಇದ್ದರೂ ಪಕ್ಕದಲ್ಲಿ ಒಡೆದಿರುತ್ತದೆ. ಒಳಗಿನ ನೂಲು ಕಂಡರೆ ಬಿಸಾಡಬೇಕು. ಟ್ಯೂಬಿಗೆ ಪದೇ ಪದೇ ಒಳಬದಿಯಿಂದಲೇ ಪಂಕ್ಚರ್ ಆಗುತ್ತಿದ್ದರೆ ತಪ್ಪು ಮುಳ್ಳಿನದಲ್ಲ, ರಿಮ್ ಪಟ್ಟಿ ಸರಿದು ಸ್ಪೋಕಿನ ತುದಿ ತಾಗುತ್ತಿದೆ. ತುದಿ ಅರದಿಂದ ಉಜ್ಜಿ, ಪಟ್ಟಿ ಹೊಸದು ಹಾಕಿದರೆ ಮುಗಿಯಿತು.

ಹೊಸಬರು ಎಡವುವುದು ಹೆಚ್ಚಾಗಿ ಥ್ರೆಡ್‌ನಲ್ಲಿ. ಎಡ ಪೆಡಲಿಗೆ ಉಲ್ಟಾ ಥ್ರೆಡ್, ಬಿಚ್ಚಲು ಗಡಿಯಾರದ ದಿಕ್ಕಿಗೆ ತಿರುಗಿಸಬೇಕು. ಕೆಲವು ಮಕ್ಕಳ ಸೈಕಲ್ಲಿನಲ್ಲಿ ಎರಡೂ ಕ್ರ್ಯಾಂಕ್ ಒಂದೇ ಸರಳಿನಿಂದ ಬಗ್ಗಿಸಿ ಮಾಡಿದ್ದಿರುತ್ತದೆ. ಅದರಲ್ಲಿ ಎಡಗಡೆಯ ಲಾಕ್ ನಟ್ಟು, ಕೋನ್ (ಬೇರಿಂಗಿನ ಬಾಲ್ಸನ್ನು ಒತ್ತಿ ಹಿಡಿಯುವ ಭಾಗ) ಸಹ ಉಲ್ಟಾ. ಈ ಬಗೆಯದಕ್ಕೆ ಪೆಡಲಿನ ಥ್ರೆಡ್ ಸಾಮಾನ್ಯವಾಗಿ 1/2 ಇಂಚಿನದು, ಬಿಡಿಬಿಡಿ ಕ್ರ್ಯಾಂಕಿಗೆ 9/16. ಪೆಡಲನ್ನು ಮೊದಲ ಮೂರು ಸುತ್ತು ಬರಿಗೈಯಲ್ಲೇ ತಿರುಗಿಸಿ. ಕೈಗೆ ಬಗ್ಗದಿದ್ದರೆ ಸ್ಪ್ಯಾನರ್ ಹಾಕಿ ಜಬರ್ದಸ್ತಿ ಮಾಡಬೇಡಿ. ಥ್ರೆಡ್ ತಿಂದುಹೋದ ಕ್ರ್ಯಾಂಕಿನಿಂದ ಪೆಡಲ್ ಕಳಚುವುದು ಮಗು ಎದ್ದುನಿಂತು ತುಳಿಯುವಾಗಲೇ.

ಹಬ್ಬುಗಳನ್ನು, ಅಂದರೆ ಚಕ್ರದ ನಡುವಿನ ಗುಂಬಗಳನ್ನು, ಬಿಚ್ಚದೆ ಕೊಡುವುದಿಲ್ಲ. ಸಾಮಾನ್ಯವಾಗಿ ಮುಂದಿನ ಹಬ್ಬಿಗೆ 3/16 ಇಂಚಿನ ಬಾಲ್ಸು ಒಂದೊಂದು ಪಕ್ಕಕ್ಕೆ ಹತ್ತು, ಹಿಂದಿನದಕ್ಕೆ 1/4 ಇಂಚಿನವು ಒಂಬತ್ತು. ಹಳೆಯದು ಹೊಸದು ಬೆರೆಸಬಾರದು. ದಪ್ಪದಲ್ಲಿ ಕೂದಲಷ್ಟು ವ್ಯತ್ಯಾಸವಿದ್ದರೂ ಭಾರವೆಲ್ಲ ಒಂದೆರಡರ ಮೇಲೆ ಬಿದ್ದು ಕೋನ್ ಹಾಳಾಗುತ್ತದೆ. ಕೋನ್ ಒರೆಸಿ, ಬಾಲ್‌ಪೆನ್ನಿನ ಮೊನೆಯನ್ನು ಬಾಲ್ಸು ಓಡುವ ದಾರಿಯ ಮೇಲೆ ಎಳೆಯಿರಿ. ಕಣ್ಣಿಗೆ ಕಾಣದ ಗುಳಿಯೂ ಮೊನೆಗೆ ತಡೆಯುತ್ತದೆ. ಗುಳಿಯಿದ್ದರೆ ಕೋನ್ ಬದಲಿಸಬೇಕು, ಗ್ರೀಸು ಎಷ್ಟು ತುಂಬಿದರೂ ಪ್ರಯೋಜನವಿಲ್ಲ.

ಬ್ರೇಕಿಗೆ ಒಳತಂತಿ, ಹೊರ ಕೇಬಲ್ ಎರಡೂ ಹೊಸದು. ಇದರಲ್ಲಿ ಉಳಿತಾಯ ನೋಡುವುದಿಲ್ಲ. ಬ್ರೇಕ್ ತಂತಿ 1.5 ಮಿಮೀ ದಪ್ಪ, ಗೇರಿನದು 1.2. ಗೇರ್ ತಂತಿಯನ್ನು ಬ್ರೇಕಿಗೆ ಹಾಕುವ ಮಾತೇ ಇಲ್ಲ. ಹಳೆಯ ಬ್ರೇಕ್ ರಬ್ಬರ್ ಸವೆದಿರದಿದ್ದರೂ ಕಲ್ಲಾಗಿರಬಹುದು. ಉಗುರು ಊರದಿದ್ದರೆ ಬದಲಿಸಿ. ಹೊಸ ರಬ್ಬರ್ ರಿಮ್‌ಗೆ ಮಾತ್ರ ಒತ್ತಬೇಕು. ಟೈರಿಗೆ ತಾಗಿದರೆ ಕೆಲವೇ ವಾರಗಳಲ್ಲಿ ಟೈರು ಹರಿಯುತ್ತದೆ.

ಇಲ್ಲಿ ದೊಡ್ಡವರ ಕೈ ಮೋಸ ಮಾಡುತ್ತದೆ. ನಮ್ಮ ಹಿಡಿತಕ್ಕೆ ಹಗುರವಾಗಿ ಬಿಗಿಯುವ ಲಿವರ್ ಮಗುವಿನ ಬೆರಳಿಗೆ ಎಟುಕದೇ ಇರಬಹುದು. ಬಹಳಷ್ಟು ಲಿವರ್‌ಗಳಲ್ಲಿ ಬುಡದ ಹತ್ತಿರ ಒಂದು ಚಿಕ್ಕ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದರೆ ಲಿವರ್ ಹಿಡಿಯ ಸಮೀಪಕ್ಕೆ ಬರುತ್ತದೆ. ಬಂದ ಮೇಲೆ ಕೇಬಲ್ ಮತ್ತೆ ಹೊಂದಿಸಬೇಕು, ಪೂರ್ತಿ ಒತ್ತಿದರೂ ಲಿವರ್ ಹಿಡಿಗೆ ತಾಗಬಾರದು. ಪರೀಕ್ಷೆಗೆ ನಾವು ಲಿವರನ್ನು ಕಿರುಬೆರಳು, ಉಂಗುರ ಬೆರಳಿನಿಂದ ಮಾತ್ರ ಎಳೆದು, ಸೈಕಲ್ಲನ್ನು ಮುಂದೆ ತಳ್ಳುತ್ತೇವೆ. ಚಕ್ರ ಉರುಳಿದರೆ ಕೆಲಸ ಮುಗಿದಿಲ್ಲ. ಹಿಂದಕ್ಕೆ ತುಳಿದರೆ ಬ್ರೇಕ್ ಹಿಡಿಯುವ ಹಬ್ಬಿದ್ದರೆ, ಅದರ ತೋಳನ್ನು ಫ್ರೇಮಿಗೆ ಕ್ಲಿಪ್ಪು ಹಾಕಿ ಬೋಲ್ಟು ಮಾಡಿದೆಯೇ ನೋಡಿ. ಅದು ಸಡಿಲವಿದ್ದರೆ ಬ್ರೇಕ್ ಹಾಕಿದಾಗ ತೋಳೇ ತಿರುಗುತ್ತದೆ.

ಚೈನನ್ನು ಸ್ಕೇಲಿನಿಂದ ಅಳೆಯಿರಿ. 24 ಕೊಂಡಿ 12 ಇಂಚು ಇರಬೇಕು. 1/16 ಇಂಚು ಹೆಚ್ಚಾಗಿದ್ದರೆ ಚೈನು ಬದಲಿಸುವ ಹೊತ್ತು, 1/8 ಹೆಚ್ಚಾಗಿದ್ದರೆ ಹಿಂದಿನ ಹಲ್ಲೂ ಸವೆದಿರುತ್ತದೆ. ಗೇರಿಲ್ಲದ ಸೈಕಲ್ಲಿನಲ್ಲಿ ನಡುವೆ ಸುಮಾರು ಒಂದು ಸೆಂಟಿಮೀಟರ್ ಆಟ ಬಿಡುತ್ತೇವೆ. ಚೈನ್ ಕವರ್ ಇಲ್ಲದ ಚಿಕ್ಕ ಸೈಕಲ್ಲು ಹೊರಗೆ ಹೋಗುವುದಿಲ್ಲ.

ಹ್ಯಾಂಡಲ್ ತುದಿಯ ಹಿಡಿ ಹರಿದು ಪೈಪು ಹೊರಗೆ ಇಣುಕುತ್ತಿದ್ದರೆ ಅದನ್ನು ಸಣ್ಣ ದೋಷವೆಂದು ಬಿಡಬೇಡಿ. ಬಿದ್ದಾಗ ಆ ತುದಿ ಹೊಟ್ಟೆಗೆ ನಾಟಿದರೆ ಹೊರಗೆ ಗಾಯ ಕಾಣದಿದ್ದರೂ ಒಳಗೆ ಗುಲ್ಮಕ್ಕೆ, ಯಕೃತ್ತಿಗೆ ಪೆಟ್ಟಾಗಬಹುದು. ತುದಿ ಮುಚ್ಚಿದ ಹೊಸ ಹಿಡಿ ಹಾಕಿ.

ರಿಪೇರಿ ಮಾಡಿದವರೇ ಪಾಸು ಮಾಡುವಂತಿಲ್ಲ. ಇನ್ನೊಬ್ಬರು ಪ್ರತಿ ನಟ್ಟಿಗೂ ಸ್ಪ್ಯಾನರ್ ಹಾಕಿ ನೋಡಿ, ಸೈಕಲ್ಲನ್ನು ಒಂದು ಗೇಣು ಎತ್ತಿ ನೆಲಕ್ಕೆ ಬಿಟ್ಟು ಸದ್ದು ಕೇಳಿ, ಚೀಟಿಗೆ ಸಹಿ ಹಾಕುತ್ತಾರೆ.

ಅಳತೆ ವಯಸ್ಸಿನ ಮೇಲಲ್ಲ, ಕಾಲಿನ ಮೇಲೆ. ಮಗುವನ್ನು ಗೋಡೆಗೆ ನಿಲ್ಲಿಸಿ, ಕಾಲುಗಳ ನಡುವೆ ಪುಸ್ತಕವನ್ನು ಮೇಲಕ್ಕೆ ತಾಗುವಂತೆ ಹಿಡಿದು, ನೆಲದಿಂದ ಅಳೆಯುತ್ತೇವೆ. ಕಲಿಯುವ ಮಗುವಿಗೆ ಸೀಟಿನ ಎತ್ತರ ಇದಕ್ಕಿಂತ ಒಂದೆರಡು ಸೆಂಟಿಮೀಟರ್ ಕಡಿಮೆಯೇ ಇರಲಿ, ಎರಡೂ ಪಾದ ಪೂರ್ತಿ ಊರಬೇಕು. ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡದನ್ನು ಕೇಳುವ ಪೋಷಕರಿಗೆ, ಚಿಕ್ಕದಾದಾಗ ತಂದರೆ ಬದಲಿಸಿ ಕೊಡುತ್ತೇವೆ ಎನ್ನುತ್ತೇವೆ. ಅಳತೆಗೆ ಸರಿಹೋಗುವ ಎರಡು ಮೂರನ್ನು ಮುಂದಿಟ್ಟು ಆರಿಸಿಕೊಳ್ಳುವುದನ್ನು ಮಗುವಿಗೇ ಬಿಡುತ್ತೇವೆ. ತಾನೇ ಆರಿಸಿದ್ದರ ಮೇಲೆ ಮಗುವಿಗೆ ಅಕ್ಕರೆ ಹೆಚ್ಚು.

ಜೊತೆಗೆ ಪಂಪು, ಪಂಕ್ಚರ್ ಸಾಮಾನು, ಒಂದು ಸ್ಪ್ಯಾನರ್, ಬೀಗ. ಹೆಲ್ಮೆಟ್ ಮಾತ್ರ ಯಾವತ್ತೂ ಹೊಸದೇ. ಒಮ್ಮೆ ಪೆಟ್ಟು ತಿಂದದ್ದರ ಒಳಗಿನ ಥರ್ಮಾಕೋಲ್ ಕುಗ್ಗಿರುವುದು ಹೊರಗಿನಿಂದ ಗೊತ್ತಾಗುವುದಿಲ್ಲ.

ತಿಂಗಳ ನಂತರ ಎಲ್ಲ ಸೈಕಲ್ಲುಗಳನ್ನೂ ಮರಳಿ ಕರೆಸಬೇಕು, ದೂರು ಇರಲಿ ಬಿಡಲಿ. ಹೊಸ ಕೇಬಲ್ಲಿನ ಕವಚ ತನ್ನ ಜಾಗದಲ್ಲಿ ಒತ್ತಿ ಕೂತು ಬ್ರೇಕ್ ಸಡಿಲಾಗಿರುತ್ತದೆ. ಬಿಗಿ ಮಾಡಿದ ಸ್ಪೋಕುಗಳು, ಕ್ರ್ಯಾಂಕ್ ಬೋಲ್ಟು ಮತ್ತೊಂದು ಸುತ್ತು ಕೇಳುತ್ತವೆ. ಹೆಚ್ಚೆಂದರೆ ಕಾಲು ಗಂಟೆಯ ಕೆಲಸ. ಸೀಟನ್ನು ಏರಿಸಬೇಕೇ ಎಂಬುದನ್ನೂ ಅಂದೇ ನೋಡಿ ಚೀಟಿಯಲ್ಲಿ ಬರೆದುಕೊಳ್ಳುತ್ತೇವೆ.