ನೊಣ ಎಣಿಸಿ ಇಶಾಡ ಕಳಿಸಿದ ಲೆಕ್ಕ

ಈ ಮೇ ತಿಂಗಳಲ್ಲಿ ನಮ್ಮ ಅಂಕೋಲೆಯ ಕರಿ ಇಶಾಡ ಮಾವು ಸುಮಾರು ನಾನೂರು ಕಿಲೋ ಲಂಡನ್‌ಗೆ ಹೋಯಿತು. ರಫ್ತಿನ ಹಣ್ಣು ತಪಾಸಣೆ ಮಾಡಿ ಪ್ಯಾಕ್ ಮಾಡುವ ಪ್ಯಾಕ್‌ಹೌಸ್‌ನಲ್ಲಿ ಹಣ್ಣು ಕೊಯ್ದು ನೋಡಿದರು, ಒಂದು ಹುಳವೂ ಸಿಗಲಿಲ್ಲ. ಸಂಜೆಯೇ ಹಣ್ಣಲ್ಲಿ ಕೀಟವಿಲ್ಲ ಎಂಬ ಫೈಟೋ ಸರ್ಟಿಫಿಕೇಟ್ ಕೈಗೆ ಬಂತು. "ಇಶಾಡ ಸಿಪ್ಪೆ ತೆಳು, ನೊಣ ಬಿಡೋದಿಲ್ಲ, ಸುಮ್ನೆ ದುಡ್ಡು ಹಾಳು" ಎಂದವರೆಲ್ಲ ಈಗ ಫೋನ್ ಮಾಡಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ಇದೇ ಹಣ್ಣು ಪ್ಯಾಕ್‌ಹೌಸ್ ದಾಟಲಿಲ್ಲ. ಹತ್ತು ಹನ್ನೆರಡು ಹಣ್ಣು ಕೊಯ್ದರು, ಒಂದರಲ್ಲಿ ಬಿಳಿ ಹುಳ ಹರಿದಾಡುತ್ತಿತ್ತು. ಅಷ್ಟೇ, ಪೂರ್ತಿ ಲಾಟ್ ರಿಜೆಕ್ಟ್. ಅಲ್ಲೇ ಹತ್ತಿರದ ಸಂತೆಯಲ್ಲಿ ಅರ್ಧ ರೇಟಿಗೆ ಸುರಿದು ಬಂದೆ. ವ್ಯಾನ್ ಬಾಡಿಗೆ, ಬಾಕ್ಸು, ಕೂಲಿ ಸೇರಿ ಎಪ್ಪತ್ತು ಸಾವಿರದ ಹತ್ತಿರ ಹೋಯಿತು. ಮರುವರ್ಷ ಔಷಧಿ ಜಾಸ್ತಿ ಹೊಡೆಸಿದೆ. ಅದರಲ್ಲಿ ಇನ್ನೂ ಇಪ್ಪತ್ತು ಸಾವಿರ ಹೋಯಿತು, ಹುಳ ಮಾತ್ರ ಹೋಗಲಿಲ್ಲ. ಹಣ್ಣು ನೊಣ ಚುಚ್ಚಿ ಇಟ್ಟ ಮೊಟ್ಟೆ ಸಿಪ್ಪೆಯ ಒಳಗೆ ಇರುವಾಗ ಮೇಲೆ ಹೊಡೆದು ಏನು ಬಂತು?

48 ಡಿಗ್ರಿ ಬಿಸಿನೀರಲ್ಲಿ 60 ನಿಮಿಷ ಮುಳುಗಿಸಿದರೆ ಒಳಗಿನ ಮೊಟ್ಟೆ, ಹುಳ ಸಾಯುತ್ತವೆ. ಆದರೆ ಬಿಸಿನೀರಿಗೆ ಹೋಗುವ ಮೊದಲೇ ತಪಾಸಣೆಯಲ್ಲಿ ಹುಳ ಕಂಡರೆ ಕಥೆ ಮುಗಿಯಿತು. 2014ರ ಮೇ 1ರಿಂದ ಯುರೋಪಿನವರು ನಮ್ಮ ದೇಶದ ಮಾವನ್ನೇ ನಿಲ್ಲಿಸಿದ್ದರಲ್ಲ, ಮುಖ್ಯ ಕಾರಣ ಇದೇ ಹಣ್ಣು ನೊಣ. ಮತ್ತೆ ಬಾಗಿಲು ತೆಗೆದದ್ದು 2015ರಲ್ಲಿ. ಹಾಗಾಗಿ ಅಪಾಯವನ್ನು ಮರದ ಬುಡದಲ್ಲೇ ಅಳೆಯಬೇಕು ಎಂದು ತೀರ್ಮಾನಿಸಿದೆ. ಯಾವ ಹಿತ್ತಲು, ಯಾವ ವಾರ. ಈ ಎರಡೇ ಪ್ರಶ್ನೆ.

ಐದು ಹಿತ್ತಲಲ್ಲಿ ಹದಿನಾಲ್ಕು ಬಾಟಲಿ ಟ್ರ್ಯಾಪ್ ಕಟ್ಟಿದೆ. ಒಳಗೆ ನೊಣವನ್ನು ವಾಸನೆಯಿಂದ ಸೆಳೆಯುವ ಮಿಥೈಲ್ ಯೂಜಿನಾಲ್ ನೆನೆಸಿದ ಪ್ಲೈವುಡ್ ತುಂಡು. ಆಲ್ಕೋಹಾಲ್, ಯೂಜಿನಾಲ್, ಕೀಟನಾಶಕ 6:4:1 ಲೆಕ್ಕದಲ್ಲಿ ಬೆರೆಸುವುದು ರೂಢಿ. ನಾನು ಅದರಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದ್ದೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಪ್ರತಿ ಭಾನುವಾರ ಎಣಿಕೆ. "ನೊಣ ಎಣಿಸ್ತಾ ಕೂತ್ರೆ ಮಾವು ಮಾರೋರು ಯಾರು ತಮ್ಮಾ?" ಎಂದರು ಪಕ್ಕದ ಮನೆಯ ಮಾವ.

ಆದರೆ ಈ ಟ್ರ್ಯಾಪಿಗೆ ಗಂಡು ನೊಣ ಮಾತ್ರ ಬರುತ್ತದೆ. ಹಣ್ಣು ಚುಚ್ಚುವುದು ಹೆಣ್ಣು. ಬರೀ ಎಣಿಕೆ ನಂಬಿ ಮೊದಲ ವರ್ಷ ಮೋಸ ಹೋದೆ. ಆಮೇಲೆ ಬಕೆಟ್ ಇಟ್ಟೆ. ಹಿತ್ತಲಿಗೊಂದು ಬಕೆಟ್, ಅರ್ಧ ಮರಳು, ಮೇಲೆ ಉದುರಿದ ಇಪ್ಪತ್ತು ಹಣ್ಣು, ಬಾಯಿಗೆ ಹಳೆ ಪಂಚೆಯ ತುಂಡು. ವಾರ ಕಳೆದು ಮರಳು ಜರಡಿ ಹಿಡಿದರೆ ಗೋಧಿ ಕಾಳಿನಂಥ ಕಂದು ಕೋಶ ಸಿಗುತ್ತವೆ. ಅವನ್ನು ಹಾಗೇ ಬಿಟ್ಟರೆ ಇನ್ನೊಂದು ವಾರದಲ್ಲಿ ಬೆನ್ನ ಮೇಲೆ ಎರಡು ಹಳದಿ ಪಟ್ಟೆಯ ನೊಣ ಬಟ್ಟೆಗೆ ಅಂಟಿ ಕೂತಿರುತ್ತದೆ. ಒಂದು ಹಿತ್ತಲಲ್ಲಿ ಇಪ್ಪತ್ತು ಹಣ್ಣಿಗೆ ಅರವತ್ತು ಕೋಶ ಸಿಕ್ಕವು, ಇನ್ನೊಂದರಲ್ಲಿ ಎರಡೋ ಮೂರೋ. ನಡುವೆ ಇನ್ನೂರು ಮೀಟರ್ ಇಲ್ಲ. ವ್ಯತ್ಯಾಸ ಪೇರಲೆ ಮರದ್ದು, ಇದೇ ನೊಣ ಪೇರಲೆಯಲ್ಲೂ ಬೆಳೆಯುತ್ತದೆ. ಬೇಲಿಯ ಬುಡದಲ್ಲಿ ಕೊಳೆತ ಪೇರಲೆ ಬಿದ್ದಿರುವ ಹಿತ್ತಲಿನ ಇಶಾಡವನ್ನು ಎಕ್ಸ್‌ಪೋರ್ಟ್ ಪಟ್ಟಿಯಿಂದಲೇ ತೆಗೆದೆ. ಮನೆಯವರಿಗೆ ಬೇಜಾರಾಯಿತು. ಅವರ ಹಣ್ಣನ್ನು ಊರ ಸಂತೆಗೆ ಒಯ್ದು ಒಳ್ಳೆ ರೇಟಿಗೇ ಮಾರಿಸಿದೆ.

ಮಾವಿನ ಗೊರಟೆಯೊಳಗೇ ಬೆಳೆಯುವ ಗೊರಟೆ ಹುಳದ ಲೆಕ್ಕ ಬೇರೆ. ಅದು ಮಿಡಿ ಇರುವಾಗಲೇ ಮೊಟ್ಟೆ ಇಡುತ್ತದೆ, ಗಾಯ ಮಾಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಆದರೆ ಅದಕ್ಕೆ ಮಾವಿನ ಮರ ಬಿಟ್ಟು ಬದುಕಿಲ್ಲ. ಮಾವೇ ಬೆಳೆಯದ ದೇಶಕ್ಕೆ ಅದು ಹೋಗಿ ಮಾಡುವುದೇನು? ಅಮೆರಿಕಕ್ಕೆ ಕಳಿಸುವುದಾದರೆ ಮಾತು ಬೇರೆ, ಫ್ಲೋರಿಡಾದಲ್ಲಿ ಮಾವಿನ ತೋಟಗಳಿವೆ. 2007ರಿಂದ ಅವರು ಕೇಳುವುದು ಹಣ್ಣಿಗೆ 400 ಗ್ರೇ (ವಿಕಿರಣದ ಅಳತೆ) ವಿಕಿರಣ ಹಾಯಿಸುವುದು. ನಾನು ಆ ದಾರಿಗೆ ಹೋಗಲಿಲ್ಲ. ಆದರೂ ಒಂದೊಂದು ಮರದ್ದು ಹತ್ತು ಗೊರಟೆ ಒಡೆದು ನೋಡುತ್ತೇನೆ.

ನಡುವೆ ಟ್ರ್ಯಾಪಿಗೆ ಯೂಜಿನಾಲ್ ಬದಲು ತುಳಸಿಯನ್ನೂ ನೋಡಿದೆ. ಎಲೆ ಜಜ್ಜಿ ಕರಟದಲ್ಲಿ ಇಟ್ಟರೆ ಅರ್ಧ ಗಂಟೆಯಲ್ಲಿ ನೊಣ ಮುತ್ತುತ್ತವೆ, ಮೂರನೇ ದಿನ ಒಣಗಿ ಹೋಗುತ್ತದೆ. ದಿನಾ ಜಜ್ಜುವವರಿಗೆ ಸರಿ. ಇನ್ನೊಂದು, ಚಿಗಳಿ ಇರುವೆ ಗೂಡು ಕಟ್ಟಿದ ಎರಡು ಮರಗಳ ಹಣ್ಣಲ್ಲಿ ಕೋಶ ತೀರಾ ಕಡಿಮೆ. ನಮ್ಮಲ್ಲಿ ಚಟ್ನಿಗೆಂದು ಆ ಗೂಡು ಇಳಿಸುತ್ತಾರೆ, ಆ ಎರಡು ಮರ ಮುಟ್ಟಬೇಡಿ ಎಂದು ಹೇಳಿಟ್ಟಿದ್ದೇನೆ. ಕೊಯ್ಯುವವನು ಆ ಮರಕ್ಕೆ ಇನ್ನೂರು ರೂಪಾಯಿ ಜಾಸ್ತಿ ಕೇಳಿದ, ಕೊಟ್ಟೆ. ಕಚ್ಚಿಸಿಕೊಳ್ಳುವವನು ಅವನಲ್ವಾ?

ಈ ವರ್ಷದ ಖರ್ಚು ಟ್ರ್ಯಾಪ್, ಯೂಜಿನಾಲ್, ಓಡಾಟ ಸೇರಿ ಒಂಬತ್ತು ಸಾವಿರದ ಒಳಗೆ. ಎಲ್ಲ ಕಳೆದು ಕಿಲೋಗೆ ಊರ ರೇಟಿಗಿಂತ ಎರಡೂವರೆ ಪಟ್ಟು ಸಿಕ್ಕಿತು.

ಕೊನೆಯ ಲಾಟ್ ಮಾತ್ರ ಕಳಿಸಲಿಲ್ಲ. ಮೇ ಕೊನೆಯಲ್ಲಿ ಎರಡು ಮಳೆ ಬಿತ್ತು. ನನ್ನ ಒಳ್ಳೆಯ ಹಿತ್ತಲಲ್ಲೇ ಟ್ರ್ಯಾಪಿನ ಎಣಿಕೆ ಆರರಿಂದ ನಲವತ್ತು ದಾಟಿತು. ಮರದಲ್ಲಿ ಇನ್ನೂ ಮುನ್ನೂರು ಹಣ್ಣಿತ್ತು, ಲಂಡನ್ ಕಡೆಯಿಂದ ಇನ್ನೂ ಬೇಕು ಎಂದು ಎರಡು ಸಲ ಫೋನ್ ಬಂತು. ಆ ಭಾನುವಾರವೇ ಹಣ್ಣು ಕೊಯ್ಯುವ ಕೊಕ್ಕೆ ಇಳಿಸಿ ಮನೆ ಮಾಡಿಗೆ ಸಿಕ್ಕಿಸಿಟ್ಟೆ.