ಪಿಕಪ್ ಮೇಲೆ ಕ್ಯಾಂಪರ್ ಕೂರಿಸುವ ಮುನ್ನ ಹಿಂದಿನ ಸ್ಪ್ರಿಂಗ್ ನೋಡಿಕೊಳ್ಳಿ

ಚಾರ್ಮಾಡಿ ಅಥವಾ ಶಿರಾಡಿ ಘಾಟಿಯಲ್ಲಿ ಕ್ಯಾಂಪರ್ (ಪ್ರವಾಸದಲ್ಲಿ ತಂಗಲು ಪಿಕಪ್ ಹಿಂಭಾಗದಲ್ಲಿ ಕೂರಿಸುವ ಪುಟ್ಟ ಕೋಣೆ) ಹೊತ್ತ ಪಿಕಪ್ ಓಡಿಸಬೇಕೆಂದಿರುವ ಹಾಸನ, ಚಿಕ್ಕಮಗಳೂರಿನ ಸ್ನೇಹಿತರು, ಸ್ಪ್ರಿಂಗ್ ಬದಲಿಸುವ ಮೊದಲು ನೀರು, ಸಿಲಿಂಡರ್, ಹಾಸಿಗೆ ಎಲ್ಲವನ್ನೂ ತುಂಬಿದ ಗಾಡಿಯನ್ನು ವೇಬ್ರಿಡ್ಜ್‌ನಲ್ಲಿ ತೂಗಿಸಿ, ಮೊದಲು ಪೂರ್ತಿ ತೂಕವನ್ನೂ ನಂತರ ಹಿಂದಿನ ಚಕ್ರಗಳ ತೂಕವನ್ನು ಬೇರೆಯಾಗಿಯೂ ಬರೆದುಕೊಳ್ಳಬೇಕೆಂದು ನನ್ನ ವಿನಂತಿ. 100 ಲೀಟರ್ ನೀರೆಂದರೆ 100 ಕಿಲೋ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಹಿಂಭಾಗ ಸ್ವಲ್ಪ ಮಾತ್ರ ಕುಸಿಯುತ್ತಿದ್ದರೆ, ಸ್ಪ್ರಿಂಗ್‌ನ ಉಕ್ಕಿನ ಪಟ್ಟಿಗಳ ಜೊತೆಗೆ ಏರ್ ಬ್ಯಾಗ್ (ಭಾರಕ್ಕೆ ಆಸರೆ ಕೊಡುವ ಗಾಳಿ ತುಂಬಿದ ರಬ್ಬರ್ ಚೀಲ) ಸೇರಿಸುವುದು ಒಳ್ಳೆಯದು. ಖಾಲಿ ಓಡಿಸುವಾಗ ಅದರ ಗಾಳಿ ಇಳಿಸಿದರೆ ಗಾಡಿ ಕುಣಿಯುವುದಿಲ್ಲ. ಕ್ಯಾಂಪರ್ ಸದಾ ಮೇಲೆಯೇ ಇರುವುದಾದರೆ ಒಂದೆರಡು ಪಟ್ಟಿ ಹೆಚ್ಚಿಸಿ, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್‌ಗಳನ್ನು ಹೊಸದಾಗಿ ಹಾಕಿಸಿ, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಿಗಿ ಮಾಡಿಸಿ. ನನ್ನ ಗಾಡಿಯಲ್ಲಿ ಹಾಗೆ ಮಾಡಿಸದೆ ಸಕಲೇಶಪುರ ದಾಟುವಷ್ಟರಲ್ಲಿ ನಟ್ಟು ಅರ್ಧ ಸುತ್ತು ಸಡಿಲವಾಗಿತ್ತು.

ಸ್ಪ್ರಿಂಗ್ ಬಲವಾದರೂ ಆರ್‌ಸಿಯಲ್ಲಿ ನಮೂದಾದ ಒಟ್ಟು ತೂಕದ ಮಿತಿ ಹೆಚ್ಚುವುದಿಲ್ಲ, ಏಕೆಂದರೆ ಆಕ್ಸಲ್, ಟೈರ್, ಬ್ರೇಕ್‌ಗಳು ಹಿಂದಿನವೇ ಆಗಿರುತ್ತವೆ. ಭಾರವು ಹಿಂದಿನ ಆಕ್ಸಲ್‌ಗಿಂತ ಹಿಂದಕ್ಕೆ ಸರಿದರೆ ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗಿ, ಒದ್ದೆ ತಿರುವಿನಲ್ಲಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಆದ್ದರಿಂದ ನೀರಿನ ಟ್ಯಾಂಕನ್ನು ಕ್ಯಾಬಿನ್ ಕಡೆಗೇ ಇರಿಸಿ. ಹಿಂಭಾಗದ ಎತ್ತರ ಬದಲಾಗಿರುವುದರಿಂದ ಕೆಲಸ ಮುಗಿದ ಮೇಲೆ ಹೆಡ್‌ಲೈಟ್ ಮಟ್ಟವನ್ನೂ ಸರಿ ಮಾಡಿಸಿ.